ರೈ ಕೂಡರ್ ಮ್ಯಾಂಡೊಲಿನ್ ಕೇಳಬೇಕು ಅಂತಿದ್ದೀರಾ? ಯಾವ ಆಲ್ಬಮ್ಮಿನಿಂದ ಶುರು ಮಾಡಬೇಕು ಅನ್ನುವುದಕ್ಕೆ ಒಂದು ಹೋಲಿಕೆ

ರೈ ಕೂಡರ್ ಅಂದರೆ ನಮ್ಮ ಕಡೆಯ ಕೇಳುಗರಿಗೆ ಮೊದಲು ನೆನಪಾಗುವುದು 'ಎ ಮೀಟಿಂಗ್ ಬೈ ದ ರಿವರ್'. ವಿಶ್ವಮೋಹನ ಭಟ್ಟರ ಮೋಹನ ವೀಣೆಯ ಪಕ್ಕ ಕೂತು ಸ್ಲೈಡ್ ಗಿಟಾರ್ (ಬೆರಳಿಗೆ ಕೊಳವೆ ಹಾಕಿ ತಂತಿಯ ಮೇಲೆ ಜಾರಿಸುವ ಬಗೆ) ನುಡಿಸಿದ ಅಮೆರಿಕದವರು. 1993ರಲ್ಲಿ ಬಂದ ಆ ಆಲ್ಬಮ್ಮಿಗೆ ಗ್ರ್ಯಾಮಿ ಪ್ರಶಸ್ತಿಯೂ ಸಿಕ್ಕಿತು. ನಾನೂ ಅವರನ್ನು ಮೊದಲು ಕೇಳಿದ್ದು ಅದರಲ್ಲೇ. ಹಾಗಾಗಿ ಬಹಳ ವರ್ಷ ಅವರನ್ನು ಗಿಟಾರಿನವರು ಅಂತಷ್ಟೇ ತಿಳಿದಿದ್ದೆ.

ಒಂದು ರಾತ್ರಿ ರೋಲಿಂಗ್ ಸ್ಟೋನ್ಸ್ ತಂಡದ 1969ರ 'ಲೆಟ್ ಇಟ್ ಬ್ಲೀಡ್' ಹಾಕಿಕೊಂಡು ಕೂತಿದ್ದೆ. ಎರಡನೆಯ ಹಾಡಿನ ನಡುವೆ ಒಂದು ಮ್ಯಾಂಡೊಲಿನ್ ಬಂತು. ಜಂಭವಿಲ್ಲದೆ, ಅಳುವವರ ಪಕ್ಕ ಬಂದು ಕೂತು ಬೆನ್ನು ಸವರುವವರ ಹಾಗೆ ಬಂತು. ಯಾರಪ್ಪಾ ಇದು ಅಂತ ಹೆಸರು ಹುಡುಕಿದರೆ, ರೈ ಕೂಡರ್. ಅವತ್ತಿನಿಂದ ಅವರ ಮ್ಯಾಂಡೊಲಿನ್ ಎಲ್ಲೆಲ್ಲಿದೆ ಅಂತ ಹುಡುಕಿ ಹುಡುಕಿ ಕೇಳುತ್ತಾ ಬಂದಿದ್ದೇನೆ.

ಈಗ ಅದೇ ಪ್ರಶ್ನೆಯನ್ನು ಕೆಲವು ಓದುಗರು ಕೇಳುತ್ತಿದ್ದಾರೆ. ಒಬ್ಬರಿಗೆ ಒಂದೇ ಒಂದು ಸಿಡಿ ಕೊಳ್ಳುವಷ್ಟು ದುಡ್ಡಿದೆ. ಇನ್ನೊಬ್ಬರು ಮ್ಯಾಂಡೊಲಿನ್ ಕಲಿಯುತ್ತಿದ್ದಾರೆ, ಕೈಗೆ ಉಪಯೋಗವಾಗುವಂಥದ್ದು ಬೇಕು. ಮತ್ತೊಬ್ಬರು ಕೊಳ್ಳುವ ಮಾತೇ ಇಲ್ಲ, ಫೋನಿನಲ್ಲಿ ಕೇಳುತ್ತೇನೆ, ಆದರೆ ಐವತ್ತು ಹಾಡು ತಡಕಾಡುವ ವ್ಯವಧಾನ ಇಲ್ಲ ಅನ್ನುತ್ತಾರೆ. ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ.

ಅಳೆಯುವುದು ಹೇಗೆ

ಮೊದಲೇ ಒಂದು ಮಾತು. ಕೂಡರ್ ಅವರ ಆಲ್ಬಮ್ಮುಗಳಲ್ಲಿ ಮ್ಯಾಂಡೊಲಿನ್ನಿಗಾಗಿಯೇ ಮಾಡಿದ್ದು ಅಂತ ಒಂದೂ ಇಲ್ಲ. ಒಂದು ಆಲ್ಬಮ್ಮಿನಲ್ಲಿ ಒಂದೋ ಎರಡೋ ಹಾಡಿನಲ್ಲಿ ಬರುತ್ತದೆ, ಹೋಗುತ್ತದೆ. ಹಾಗಾಗಿ 'ಎಷ್ಟು ಹೊತ್ತು ನುಡಿಸಿದ್ದಾರೆ' ಅನ್ನುವುದಷ್ಟನ್ನೇ ನೋಡಿದರೆ ಎಲ್ಲವೂ ಸೋಲುತ್ತವೆ. ನಾನು ಮುಖ್ಯವಾಗಿ ನೋಡುವುದು ಮ್ಯಾಂಡೊಲಿನ್ ಹಾಡುವ ದನಿಗೆ ಎಷ್ಟು ಹತ್ತಿರ ಕೂತಿದೆ ಅನ್ನುವುದನ್ನು. ಕೂಡರ್ ಅವರ ನುಡಿಸಾಣಿಕೆಯ ಜೀವ ಇರುವುದೇ ಅಲ್ಲಿ. ಹಾಡುವವನು ಉಸಿರು ತೆಗೆದುಕೊಳ್ಳುವಾಗ ಒಳಗೆ ಬರುತ್ತಾರೆ, ಮುಂದಿನ ಸಾಲು ಶುರುವಾಗುವ ಮುಂಚೆ ಜಾಗ ಬಿಡುತ್ತಾರೆ. ನಮ್ಮಲ್ಲಿ ಒಳ್ಳೆಯ ಪಿಟೀಲು ಪಕ್ಕವಾದ್ಯದವರು ಮಾಡುವ ಕೆಲಸವೇ ಇದು.

ಎರಡನೆಯದು, ಕಿವಿಗೆ ಬಿಡಿಸಿ ಸಿಗುತ್ತದೆಯೇ ಅನ್ನುವುದು. ಮೂರನೆಯದು, ಕಲಿಯುವವರಿಗೆ ಅದರಿಂದ ಏನಾದರೂ ಸಿಗುತ್ತದೆಯೇ. ನಾಲ್ಕನೆಯದು ಖರ್ಚು. ಐದನೆಯದನ್ನು ಬಹಳ ಮಂದಿ ಮರೆಯುತ್ತಾರೆ: ನುಡಿಸುತ್ತಿರುವವರು ನಿಜವಾಗಿ ಕೂಡರ್ ಅವರೇನಾ?

ಈ ಕೊನೆಯದನ್ನು ಇಲ್ಲೇ ಮುಗಿಸಿಬಿಡುತ್ತೇನೆ. 2007ರ 'ಮೈ ನೇಮ್ ಈಸ್ ಬಡ್ಡಿ'ಯಲ್ಲಿ ಅಮೆರಿಕದ ವೇಗದ ಹಳ್ಳಿಗಾಡು ಸಂಗೀತವಾದ ಬ್ಲೂಗ್ರಾಸ್‌ನ ಹೆಸರಾಂತ ಮ್ಯಾಂಡೊಲಿನ್ ವಾದಕ ರೋಲಂಡ್ ವೈಟ್ ಇದ್ದಾರೆ. 1980ರ 'ದ ಲಾಂಗ್ ರೈಡರ್ಸ್' ಚಿತ್ರಸಂಗೀತದಲ್ಲಿ ಡೇವಿಡ್ ಲಿಂಡ್ಲಿ ಇದ್ದಾರೆ, ತಂತಿ ಇರುವ ಯಾವ ವಾದ್ಯವನ್ನೂ ಬಿಡದ ಮನುಷ್ಯ. 1997ರ 'ಬ್ಯುನಾ ವಿಸ್ತಾ ಸೋಶಿಯಲ್ ಕ್ಲಬ್'ನಲ್ಲಿ ಕಿವಿ ಮೋಸ ಹೋಗುವುದು ಇನ್ನೂ ಸುಲಭ. 'ಎಲ್ ಕ್ವಾರ್ತೊ ದೆ ತುಲಾ' ಹಾಡಿನಲ್ಲಿ ಮಿಂಚಿನ ಹಾಗೆ ಬರುವ ಜೋಡಿ ತಂತಿಯ ನಾದ ಕೇಳಿ ಮ್ಯಾಂಡೊಲಿನ್ ಅಂದುಕೊಂಡವರಿದ್ದಾರೆ. ಅದು ಲಾವುದ್ ಎಂಬ ಕ್ಯೂಬಾದ ವಾದ್ಯ, ನುಡಿಸಿದವರು ಬಾರ್ಬರಿತೊ ತೋರೆಸ್. ಈ ಮೂರೂ ಕೇಳಲೇಬೇಕಾದ ಆಲ್ಬಮ್ಮುಗಳು, ಆದರೆ ಈ ಹುಡುಕಾಟಕ್ಕೆ ಅವು ಮೊದಲ ಮೆಟ್ಟಿಲಲ್ಲ.

ನಮ್ಮ ಕಿವಿಗೆ ಯಾಕೆ ಬೇರೆ ಅನ್ನಿಸುತ್ತದೆ

ಮ್ಯಾಂಡೊಲಿನ್ ಅಂದಕೂಡಲೇ ನಮಗೆ ಯು. ಶ್ರೀನಿವಾಸ್ ನೆನಪಾಗುತ್ತಾರೆ. ಅವರು ನುಡಿಸಿದ್ದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್. ಅದಕ್ಕೆ ಕಾರಣವೂ ಇದೆ. ಸಾಮಾನ್ಯ ಮ್ಯಾಂಡೊಲಿನ್‌ನಲ್ಲಿ ಎಂಟು ತಂತಿ, ಎರಡೆರಡು ಒಂದೇ ಸ್ವರಕ್ಕೆ ಕಟ್ಟಿ ನಾಲ್ಕು ಜೋಡಿ. ತಂತಿ ಗಿಡ್ಡ, ಬಿಗಿ ಹೆಚ್ಚು, ಮೇಲೆ ಜೋಡಿ ಬೇರೆ. ಎಳೆದು ಗಮಕ ತೆಗೆಯುವುದು ಕಷ್ಟ. ಮೀಟಿದ ನಾದವೂ ಬಹಳ ಹೊತ್ತು ನಿಲ್ಲುವುದಿಲ್ಲ. ಶ್ರೀನಿವಾಸ್ ಜೋಡಿಯನ್ನೇ ತೆಗೆದು, ವಿದ್ಯುತ್ತಿನ ಸಹಾಯದಿಂದ ನಾದವನ್ನು ಉದ್ದ ಮಾಡಿಕೊಂಡರು.

ಅಮೆರಿಕದ ಕಪ್ಪು ಜನರ ಹಾಡಿನ ಪರಂಪರೆಯಾದ ಬ್ಲೂಸ್‌ನವರು ಜೋಡಿ ತಂತಿಯನ್ನು ಇಟ್ಟುಕೊಂಡೇ ದಾರಿ ಹುಡುಕಿದರು. ನಾದ ಉದ್ದಕ್ಕೆ ಉಳಿಯಬೇಕಾದ ಕಡೆ ಟ್ರೆಮೊಲೊ, ಅಂದರೆ ಒಂದೇ ಜೋಡಿಯ ಮೇಲೆ ಪ್ಲೆಕ್ಟ್ರಮ್ಮನ್ನು (ತಂತಿ ಮೀಟುವ ಚಿಕ್ಕ ಬಿಲ್ಲೆಯನ್ನು) ಬಿಡದೆ ಮೇಲೆ ಕೆಳಗೆ ಆಡಿಸುವುದು. ಮಿಕ್ಕ ಕಡೆ ಎರಡು ಸ್ವರವನ್ನು ಒಟ್ಟಿಗೆ ಹಿಡಿದು ಕಡಿದು ಬಿಡುವುದು. ಬಿಲ್ ಮನ್ರೋ ಬೆಳೆಸಿದ ಬ್ಲೂಗ್ರಾಸ್ ಮ್ಯಾಂಡೊಲಿನ್ನಿನ ಓಟ ಇದರಲ್ಲಿ ಇಲ್ಲ. ಕೂಡರ್ ಇನ್ನೂ ಕಡಿಮೆ ಮಾತಿನವರು. ವೇಗವನ್ನು ನಿರೀಕ್ಷಿಸಿ ಕೂತರೆ 'ಇಷ್ಟೇನಾ' ಅನ್ನಿಸಬಹುದು. ಮೊದಲ ಸಲ ನನಗೂ ಹಾಗೇ ಅನ್ನಿಸಿತ್ತು. ಮೂರನೆಯ ಸಲಕ್ಕೆ, ಅವರು ಬಿಟ್ಟ ಜಾಗಗಳೇ ಹಾಡನ್ನು ಹಿಡಿದು ನಿಲ್ಲಿಸಿವೆ ಅಂತ ಗೊತ್ತಾಯಿತು.

'ಲವ್ ಇನ್ ವೇನ್': ನಾಲ್ಕು ನಿಮಿಷ ಇರುವವರಿಗೆ

ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ 1937ರಲ್ಲಿ ಡಲ್ಲಾಸ್‌ನಲ್ಲಿ ಹಾಡಿ ರೆಕಾರ್ಡ್ ಮಾಡಿದ ಹಾಡು. ಪ್ರೀತಿಸಿದವಳನ್ನು ರೈಲು ಹತ್ತಿಸಲು ಅವಳ ಪೆಟ್ಟಿಗೆ ಹಿಡಿದು ಸ್ಟೇಷನ್ನಿಗೆ ಹೋದವನ ಕಥೆ. ರೋಲಿಂಗ್ ಸ್ಟೋನ್ಸ್ ಇದನ್ನು ತಮ್ಮ ರೀತಿಯಲ್ಲಿ ನಿಧಾನ ಮಾಡಿಕೊಂಡರು. ಅಕೂಸ್ಟಿಕ್ ಗಿಟಾರ್ ಮೊದಲು ಬರುತ್ತದೆ, ಆಮೇಲೆ ಸ್ಲೈಡ್. ಅರ್ಧ ದಾಟಿದ ಮೇಲೆ ಕೂಡರ್ ಬರುತ್ತಾರೆ.

ಬಂದ ತಕ್ಷಣ ಏನಾಗುತ್ತದೆ ಕೇಳಿ. ಅಷ್ಟು ಹೊತ್ತು ಹಾಡಿನಲ್ಲಿದ್ದ ನಾದಗಳೆಲ್ಲ ಉದ್ದ, ಎಳೆದಂಥವು. ಮ್ಯಾಂಡೊಲಿನ್ ಒಳಗೆ ಸೇರಿದ ಮೇಲೆ ಅದೇ ದುಃಖಕ್ಕೆ ಒಂದು ನಡುಕ ಬರುತ್ತದೆ. ಟ್ರೆಮೊಲೊ ಇಲ್ಲಿ ಅಲಂಕಾರ ಅನ್ನಿಸುವುದೇ ಇಲ್ಲ, ರೈಲು ದೂರ ಹೋದ ಮೇಲೂ ಹಳಿಯಲ್ಲಿ ಉಳಿಯುವ ಕಂಪನದ ಹಾಗಿದೆ. ಕೊನೆಯ ಸಾಲುಗಳಲ್ಲಿ ರೈಲಿನ ಹಿಂದಿನ ಎರಡು ದೀಪಗಳು ಬರುವಾಗ ಮ್ಯಾಂಡೊಲಿನ್ ಇನ್ನೂ ಅಲ್ಲೇ ಇರುತ್ತದೆ, ದನಿಯ ಬೆನ್ನಿಗೇ.

ದನಿಗೆ ಹತ್ತಿರ ಅನ್ನುವ ಅಳತೆಯಲ್ಲಿ ಇದಕ್ಕೆ ನನ್ನ ಪೂರ್ತಿ ಅಂಕ. ಖರ್ಚಿನಲ್ಲೂ ಗೆಲ್ಲುತ್ತದೆ, ಯಾವ ಸ್ಟ್ರೀಮಿಂಗ್ ಆ್ಯಪ್‌ನಲ್ಲೂ ಸಿಗುತ್ತದೆ. ಆದರೆ ಇದು ಕೂಡರ್ ಅವರ ಮನೆಯಲ್ಲ, ಅತಿಥಿಯಾಗಿ ಹೋದ ಮನೆ. ಮ್ಯಾಂಡೊಲಿನ್ನಿಗಾಗಿ ಅಂತ ಇಡೀ 'ಲೆಟ್ ಇಟ್ ಬ್ಲೀಡ್' ಕೊಳ್ಳಬೇಡಿ. ಆ ಆಲ್ಬಮ್ ಬೇರೆ ಕಾರಣಗಳಿಗೆ ನಿಮಗೆ ಬೇಕಿದ್ದರೆ ಅದು ಬೇರೆ ಮಾತು.

ತಾಜ್ ಮಹಲ್ ಅವರ ಮೊದಲ ಆಲ್ಬಮ್: ಕಾಯುವ ತಾಳ್ಮೆ ಇರುವವರಿಗೆ

ತಾಜ್ ಮಹಲ್ ಅನ್ನುವುದು ಅಮೆರಿಕದ ಒಬ್ಬ ಬ್ಲೂಸ್ ಗಾಯಕರು ಇಟ್ಟುಕೊಂಡ ಹೆಸರು. ಗಾಂಧೀಜಿ ಮತ್ತು ಭಾರತ ಕನಸಿನಲ್ಲಿ ಬಂದದ್ದರಿಂದ ಆ ಹೆಸರು ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ. ಅವರೂ ಕೂಡರ್ ಅವರೂ 1960ರ ದಶಕದ ನಡುವೆ ಲಾಸ್ ಏಂಜಲಿಸ್‌ನಲ್ಲಿ 'ರೈಸಿಂಗ್ ಸನ್ಸ್' ಎಂಬ ತಂಡದಲ್ಲಿ ಜೊತೆಗಿದ್ದವರು. ತಂಡ ಬೇಗ ಮುರಿಯಿತು, ಅವರ ರೆಕಾರ್ಡಿಂಗುಗಳು ಆಲ್ಬಮ್ಮಾಗಿ ಹೊರಬಂದದ್ದು 1992ರಲ್ಲಿ. ಆದರೆ 1968ರ ತಾಜ್ ಮಹಲ್ ಅವರ ಮೊದಲ ಆಲ್ಬಮ್ಮಿಗೆ ಕೂಡರ್ ಮತ್ತೆ ಬಂದು ಗಿಟಾರ್, ಮ್ಯಾಂಡೊಲಿನ್ ನುಡಿಸಿದರು. ಆಗ ಅವರಿಗೆ ಇಪ್ಪತ್ತು ವರ್ಷ ದಾಟಿತ್ತು ಅಷ್ಟೆ.

ಇಲ್ಲಿ ನೀವು ಹುಡುಕಬೇಕಾದ್ದು ಕೊನೆಯ ಹಾಡು, 'ದ ಸೆಲೆಬ್ರೇಟೆಡ್ ವಾಕಿನ್ ಬ್ಲೂಸ್'. ಸುಮಾರು ಒಂಬತ್ತು ನಿಮಿಷ. ವಿಳಂಬದಲ್ಲಿ ಬ್ಲೂಸ್ ಕೇಳುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹಾಕುತ್ತೇನೆ. ಒಂದೊಂದು ಸಾಲು ಮುಗಿದ ಮೇಲೂ ಸಾಕಷ್ಟು ಜಾಗ, ಆ ಜಾಗದಲ್ಲಿ ಮ್ಯಾಂಡೊಲಿನ್ ಓಡಾಡುತ್ತದೆ. ಅವಸರದವರಿಗೆ ಇದು ಸೋಲುವ ಆಯ್ಕೆ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿ ಏನೂ ಸಿಗಲಿಲ್ಲ ಅಂದ ಸ್ನೇಹಿತರೊಬ್ಬರನ್ನು ಭಾನುವಾರ ಮಧ್ಯಾಹ್ನ ಮನೆಯಲ್ಲಿ ಕೂರಿಸಿ ಅದನ್ನೇ ಕೇಳಿಸಿದೆ. ಮುಗಿದ ಮೇಲೆ ಇನ್ನೊಂದು ಸಲ ಹಾಕಿ ಅಂದರು.

ಇಡೀ ಆಲ್ಬಮ್ ಚೆನ್ನಾಗಿದೆ, ಜೆಸ್ಸಿ ಎಡ್ ಡೇವಿಸ್ ಅವರ ಗಿಟಾರಿಗಾಗಿಯೇ ಕೊಳ್ಳಬಹುದು. ಮ್ಯಾಂಡೊಲಿನ್ ಲೆಕ್ಕದಲ್ಲಿ ಮಾತ್ರ ಈ ಒಂದು ಹಾಡಿನ ಮೇಲೆಯೇ ನಿಂತ ತೀರ್ಮಾನ.

ಕೂಡರ್ ಅವರದೇ ಮೊದಲ ಮೂರು: ಒಂದೇ ಸಿಡಿ ಕೊಳ್ಳುವವರಿಗೆ

1970ರ ಕೊನೆಗೆ ಬಂದ ಮೊದಲ ಆಲ್ಬಮ್ಮಿನ ಹೆಸರು 'ರೈ ಕೂಡರ್'. ಅದರಲ್ಲಿರುವ 'ಗೋಯಿನ್ ಟು ಬ್ರೌನ್ಸ್‌ವಿಲ್' ಮೊದಲು ಕೇಳಿ. ಇದು ಟೆನೆಸಿ ರಾಜ್ಯದ ಬ್ರೌನ್ಸ್‌ವಿಲ್ ಊರಿನ ಬ್ಲೂಸ್ ಗಾಯಕ ಸ್ಲೀಪಿ ಜಾನ್ ಎಸ್ಟಿಸ್ ಅವರ ಹಾಡು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಕೂಡರ್ ಮ್ಯಾಂಡೊಲಿನ್ ಎಲ್ಲಿಂದ ಕಲಿತರು ಅನ್ನುವುದರ ಗುರುತು ಈ ಹಾಡಿನಲ್ಲೇ ಇದೆ. 'ಲವ್ ಇನ್ ವೇನ್'ನ ನಯ ಇಲ್ಲಿ ಇಲ್ಲ. ಒರಟು, ಕುಣಿತ, ಮಣ್ಣಿನ ರಸ್ತೆಯಲ್ಲಿ ಕಾಲು ಹಾಕಿದ ಹಾಗೆ. ಆಲ್ಬಮ್ಮಿನ ಇತರ ಹಾಡುಗಳಲ್ಲಿ ಮಾತ್ರ ತಂತಿವಾದ್ಯಗಳ ದೊಡ್ಡ ಮೇಳ ಅಲ್ಲಲ್ಲಿ ಬಂದು ಕವಿದುಬಿಡುತ್ತದೆ. ನನಗೆ ಅದು ಸ್ವಲ್ಪ ಭಾರ ಅನ್ನಿಸುತ್ತದೆ.

1972ರ ಆರಂಭದಲ್ಲಿ ಬಂದ 'ಇನ್‌ಟು ದ ಪರ್ಪಲ್ ವ್ಯಾಲಿ' ಆ ಭಾರವನ್ನು ಕಳೆದುಕೊಂಡಿದೆ. ಬರಗಾಲದಲ್ಲಿ ಊರು ಬಿಟ್ಟವರು, ತೆರಿಗೆ ಕಟ್ಟಲಾಗದ ರೈತರು, ಕೆಲಸ ಹುಡುಕಿ ಹೊರಟವರ ಹಳೆಯ ಹಾಡುಗಳನ್ನು ಹುಡುಕಿ ತಂದು ಜೋಡಿಸಿದ ಆಲ್ಬಮ್. 'ಟ್ಯಾಕ್ಸಸ್ ಆನ್ ದ ಫಾರ್ಮರ್ ಫೀಡ್ಸ್ ಅಸ್ ಆಲ್' ಕೇಳಿದ ನಮ್ಮ ಮಂಡ್ಯದ ಕಡೆಯ ಗೆಳೆಯರು, ಇದು ನಮ್ಮ ಹಾಡೇ ಅಲ್ಲವಾ ಅಂದರು. ಮ್ಯಾಂಡೊಲಿನ್ನಿಗೆ ಬಂದರೆ 'ಬಿಲ್ಲಿ ದ ಕಿಡ್'. ಕೂಡರ್ ಅವರ ಮ್ಯಾಂಡೊಲಿನ್ ಇಷ್ಟು ಮುಂದೆ ಬಂದು ನಿಂತ ಹಾಡು ಅವರ ಆಲ್ಬಮ್ಮುಗಳಲ್ಲಿ ಕಡಿಮೆ. ಕಥೆ ಹೇಳುವ ಹಾಡು, ದನಿಯ ಜೊತೆಗೇ ವಾದ್ಯವೂ ಕಥೆ ಹೇಳಿಕೊಂಡು ಹೋಗುತ್ತದೆ. ಕಲಿಯುವವರಿಗೂ ಇದೇ ಒಳ್ಳೆಯದು, ಸಾಲು ಸಾಲಾಗಿ ಬಿಡಿಸಿಕೊಳ್ಳಬಹುದು.

ಅದೇ ವರ್ಷದ ಕೊನೆಗೆ ಬಂದದ್ದು 'ಬೂಮರ್ಸ್ ಸ್ಟೋರಿ'. ಇದರ 'ಪ್ರೆಸಿಡೆಂಟ್ ಕೆನಡಿ' ಹಾಡಿನಲ್ಲಿ ಎಸ್ಟಿಸ್ ಅವರೇ ಬಂದು ಹಾಡಿದ್ದಾರೆ. ವಯಸ್ಸಾದ, ಕಣ್ಣು ಕಳೆದುಕೊಂಡ ಆ ಹಿರಿಯರ ಬಿರುಕು ದನಿಗಾಗಿ ಕೇಳಿ. ಮ್ಯಾಂಡೊಲಿನ್ನಿಗಾಗಿಯೇ ಆದರೆ ಇದನ್ನು ಮೂರನೆಯದಾಗಿ ಇಟ್ಟುಕೊಳ್ಳಿ.

ಮೂರರಲ್ಲಿ ಒಂದು ಅಂದರೆ 'ಇನ್‌ಟು ದ ಪರ್ಪಲ್ ವ್ಯಾಲಿ'. ಹಿಂದೆಮುಂದೆ ನೋಡಬೇಡಿ. ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲವರು ಮೊದಲ ಐದು ಆಲ್ಬಮ್ ಒಟ್ಟಿಗಿರುವ ಸಿಡಿ ಪೆಟ್ಟಿಗೆ ಸಿಗುತ್ತದೆಯೇ ನೋಡಿ, ಬಿಡಿಬಿಡಿಯಾಗಿ ತರಿಸುವುದಕ್ಕಿಂತ ಅದೇ ಲಾಭ. 1970ರಿಂದ 1987ರವರೆಗಿನ ಆಲ್ಬಮ್ಮುಗಳ 11 ಸಿಡಿಯ ದೊಡ್ಡ ಪೆಟ್ಟಿಗೆಯೂ ಬಂದಿದೆ, ಆದರೆ ಮ್ಯಾಂಡೊಲಿನ್ ಒಂದೇ ಕಾರಣಕ್ಕೆ ಅದು ಬೇಡ. 1980ರ ದಶಕದ ಆಲ್ಬಮ್ಮುಗಳಲ್ಲಿ ಎಲೆಕ್ಟ್ರಿಕ್ ಗಿಟಾರಿನದೇ ರಾಜ್ಯ.

ಎಲ್‌ಪಿ ವಿಚಾರವಾಗಿ ಎರಡು ಮಾತು. ಹಳೆಯ ಎಲ್‌ಪಿ ತರಿಸಿ ನಾನು ಒಂದು ಸಲ ಪೆಟ್ಟು ತಿಂದೆ. 'ಚೆನ್ನಾಗಿದೆ' ಅಂತ ಬರೆದು ಕಳಿಸಿದ ತಟ್ಟೆ ಬಿಸಿಲಿಗೆ ಸಿಕ್ಕಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು, ಸೂಜಿ ಏರುತ್ತಾ ಇಳಿಯುತ್ತಾ ಹೋಗುತ್ತಿತ್ತು. ಮ್ಯಾಂಡೊಲಿನ್ನಿನಂಥ ಎತ್ತರದ ಸ್ಥಾಯಿಯ ವಾದ್ಯಕ್ಕೆ ಇದು ಮಾರಕ. ಗೀಚಿನ ಸದ್ದೂ ಟ್ರೆಮೊಲೊದ ಸದ್ದೂ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಕೈಯಲ್ಲಿ ಹಿಡಿದು, ದೀಪದ ಕೆಳಗೆ ಓರೆ ಮಾಡಿ ನೋಡಿ ಕೊಳ್ಳಲಾಗದಿದ್ದರೆ ಸಿಡಿಯೇ ಸರಿ.

'ಗೆಟ್ ಆನ್ ಬೋರ್ಡ್': ಹಳೆಯ ರೆಕಾರ್ಡಿಂಗಿನ ಮಬ್ಬು ಬೇಡ ಅನ್ನುವವರಿಗೆ

ತಾಜ್ ಮಹಲ್ ಮತ್ತು ಕೂಡರ್ ಮತ್ತೆ ಒಟ್ಟಿಗೆ ಆಲ್ಬಮ್ ಮಾಡಿದ್ದು 2022ರಲ್ಲಿ. ಒಬ್ಬರಿಗೆ ಸುಮಾರು ಎಂಬತ್ತು, ಇನ್ನೊಬ್ಬರಿಗೆ ಎಪ್ಪತ್ತೈದು. ಸನ್ನಿ ಟೆರಿ ಮತ್ತು ಬ್ರೌನಿ ಮಗೀ ಎಂಬ ಹಳೆಯ ಬ್ಲೂಸ್ ಜೋಡಿಯ 11 ಹಾಡುಗಳು. ರೆಕಾರ್ಡ್ ಮಾಡಿದ್ದು ಕೂಡರ್ ಅವರ ಮಗ ಜೋಕಿಮ್ ಅವರ ಮನೆಯ ಹಜಾರದಲ್ಲಿ, ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಡ್ರಮ್ಸ್, ಬಾಸ್ ಜೋಕಿಮ್ ಅವರದು. ಗಿಟಾರ್, ಮ್ಯಾಂಡೊಲಿನ್, ಬ್ಯಾಂಜೊ ಅಪ್ಪನದು. ಮರುವರ್ಷ ಸಾಂಪ್ರದಾಯಿಕ ಬ್ಲೂಸ್ ವಿಭಾಗದ ಗ್ರ್ಯಾಮಿ ಬಂತು.

ಕೇಳಿದರೆ ಅವರ ಜಗಲಿಯಲ್ಲಿ ನಾವೂ ಕೂತ ಹಾಗಿದೆ. ತಂತಿಯ ಮೇಲೆ ಪ್ಲೆಕ್ಟ್ರಮ್ ತಾಗುವ ಸದ್ದು, ನಡುನಡುವೆ ಇಬ್ಬರ ನಗು, ಎಲ್ಲ ಹತ್ತಿರ. ಸ್ಪಷ್ಟತೆಯ ಅಳತೆಯಲ್ಲಿ ಮಿಕ್ಕವು ಇದರ ಹತ್ತಿರವೂ ಬರುವುದಿಲ್ಲ. ಇಯರ್‌ಫೋನಿನಲ್ಲಿ ಕೇಳುವವರು ಇಲ್ಲಿಂದಲೇ ಶುರು ಮಾಡಬಹುದು. ಕೊಡಬೇಕಾದ ಬೆಲೆ ಇಷ್ಟೆ: 1969ರ ಆ ನಡುಕ ಇಲ್ಲಿಲ್ಲ. ಆಟ ಇದೆ, ಸಲಿಗೆ ಇದೆ. ದುಃಖ ಹುಡುಕಿಕೊಂಡು ಬಂದವರಿಗೆ ಸ್ವಲ್ಪ ಬೇರೆ ಊರಿಗೆ ಬಂದ ಹಾಗೆ ಅನ್ನಿಸಬಹುದು.

ಯ್ಯಾಂಕ್ ರೇಚಲ್: ಕಲಿಯುವವರಿಗೆ, ಮೂಲ ಬೇಕು ಅನ್ನುವವರಿಗೆ

ಎಸ್ಟಿಸ್ ಹೆಸರು ನೆನಪಿಡಿ ಅಂದಿದ್ದೆನಲ್ಲ. 1929 ಮತ್ತು 1930ರಲ್ಲಿ ಎಸ್ಟಿಸ್ ಮಾಡಿದ ರೆಕಾರ್ಡುಗಳಲ್ಲಿ ಪಕ್ಕದಲ್ಲಿ ಮ್ಯಾಂಡೊಲಿನ್ ಹಿಡಿದು ಕೂತವರು ಅದೇ ಬ್ರೌನ್ಸ್‌ವಿಲ್ ಸೀಮೆಯ ಯ್ಯಾಂಕ್ ರೇಚಲ್. ಹುಡುಗನಾಗಿದ್ದಾಗ ಅಮ್ಮ ಸಾಕಲು ಕೊಟ್ಟ ಹಂದಿಮರಿಯನ್ನು ಕೊಟ್ಟು ಪಕ್ಕದ ಮನೆಯವರ ಮ್ಯಾಂಡೊಲಿನ್ ತಂದ ಕಥೆಯನ್ನು ಅವರು ಮುಪ್ಪಿನವರೆಗೂ ಹೇಳುತ್ತಿದ್ದರು. ಅಮ್ಮನಿಗೆ ಎಷ್ಟು ಕೋಪ ಬಂತು ಅನ್ನುವುದನ್ನೂ ಸೇರಿಸಿ.

1930ರ 'ಎಕ್ಸ್‌ಪ್ರೆಸ್‌ಮನ್ ಬ್ಲೂಸ್' ಕೇಳಿ ನೋಡಿ, ಆಮೇಲೆ ಕೂಡರ್ ಅವರ 'ಗೋಯಿನ್ ಟು ಬ್ರೌನ್ಸ್‌ವಿಲ್'ಗೆ ವಾಪಸ್ ಬನ್ನಿ. ನಲವತ್ತು ವರ್ಷದ ಅಂತರ, ಸಾಂಟಾ ಮೋನಿಕಾದ ಬಿಳಿಯ ಹುಡುಗನೊಬ್ಬ ಎಲ್ಲಿ ಕಿವಿ ಇಟ್ಟಿದ್ದ ಅಂತ ಆ ಎರಡು ಹಾಡುಗಳ ನಡುವೆ ಗೊತ್ತಾಗುತ್ತದೆ. ಹಳೆಯ 78 ಆರ್‌ಪಿಎಂ ತಟ್ಟೆಗಳಿಂದ ಬಂದದ್ದಾದ್ದರಿಂದ ಕರಕರ ಸದ್ದು ಇದ್ದೇ ಇರುತ್ತದೆ. ಅದು ಕಷ್ಟ ಅನ್ನುವವರಿಗೆ ರೇಚಲ್ ಅವರದೇ 'ಮ್ಯಾಂಡೊಲಿನ್ ಬ್ಲೂಸ್' ಇದೆ. ಷಿಕಾಗೋದ ಡೆಲ್ಮಾರ್ಕ್ ಸಂಸ್ಥೆಗೆ 1963ರಲ್ಲಿ ರೆಕಾರ್ಡ್ ಮಾಡಿದ್ದು, ಎಸ್ಟಿಸ್ ಅವರೂ ಜೊತೆಗಿದ್ದಾರೆ. ಹೆಸರೇ ಹೇಳುವ ಹಾಗೆ ಮ್ಯಾಂಡೊಲಿನ್ನೇ ನಡುವೆ ಕೂತಿದೆ. ಕೂಡರ್ ಬಗ್ಗೆ ಎಷ್ಟೇ ಪ್ರೀತಿ ಇದ್ದರೂ, ಕಲಿಯಲು ಕೊಳ್ಳುವವರು ನೀವಾದರೆ ಮೊದಲ ದುಡ್ಡು ಇದಕ್ಕೆ ಹಾಕಿ ಅನ್ನುತ್ತೇನೆ.

ಕರ್ನಾಟಕ ಸಂಗೀತಕ್ಕೆ ಕಟ್ಟಿದ ಮ್ಯಾಂಡೊಲಿನ್ ಕೈಯಲ್ಲಿದ್ದರೆ ಒಂದು ಎಚ್ಚರ: ಅದರ ಶ್ರುತಿಯಲ್ಲಿ ಈ ಹಿಡಿತಗಳು ಕೂರುವುದಿಲ್ಲ. ಇಲ್ಲಿ ಬೇಕಾದ್ದು ಪಾಶ್ಚಾತ್ಯ ಪಿಟೀಲಿನ ಶ್ರುತಿ, ಕೆಳಗಿನಿಂದ ಜಿ, ಡಿ, ಎ, ಇ. ರೇಚಲ್ ಅದಕ್ಕಿಂತಲೂ ಇಳಿಸಿ ಕಟ್ಟುತ್ತಿದ್ದರು, ಆದ್ದರಿಂದ ರೆಕಾರ್ಡಿನ ಜೊತೆ ನುಡಿಸಲು ಕೂತಾಗ ಸ್ವರ ಹೊಂದದಿದ್ದರೆ ವಾದ್ಯವನ್ನು ಬೈಯಬೇಡಿ, ತಂತಿ ಸಡಿಲಿಸಿ.

ಫೋನಿನಲ್ಲಿ ಕೇಳುತ್ತೇನೆ ಅಂದವರು ಇವತ್ತು ರಾತ್ರಿಗೆ ನಾಲ್ಕೇ ಹಾಡು ಸಾಲಾಗಿ ಹಾಕಿಕೊಳ್ಳಿ: 'ಎಕ್ಸ್‌ಪ್ರೆಸ್‌ಮನ್ ಬ್ಲೂಸ್', 'ಗೋಯಿನ್ ಟು ಬ್ರೌನ್ಸ್‌ವಿಲ್', 'ಬಿಲ್ಲಿ ದ ಕಿಡ್', ಕೊನೆಗೆ 'ಲವ್ ಇನ್ ವೇನ್'. ಕೊನೆಯದು ಶುರುವಾಗುವ ಮುಂಚೆ ಫ್ಯಾನ್ ಆರಿಸಿ. ಮ್ಯಾಂಡೊಲಿನ್ ಒಳಗೆ ಬರುವ ಆ ಮೊದಲ ಮೀಟು ಬಹಳ ಮೆಲ್ಲಗಿದೆ.